ತಿರುಗಿ ಬಂದವರ ಅಳತೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಟೇಪಕ್ಕ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಕೊರಳಿಗೆ ಹಾಕಿಕೊಂಡ ಅಳತೆಯ ಟೇಪು ಮನೆಗೆ ಹೋಗಿ ಊಟಕ್ಕೆ ಕೂತರೂ ಅಲ್ಲೇ. "ಅಕ್ಕಾ, ಅದನ್ನ ತೆಗೆದಿಟ್ಟಾದರೂ ತಿನ್ನೇ, ಯಾರೂ ಕದ್ಕೊಂಡು ಹೋಗಲ್ಲ" ಎಂದು ತಂಗಿ ಗದರುತ್ತಿದ್ದಳು. ಟೇಪಕ್ಕ ತೆಗೆಯುತ್ತಿರಲಿಲ್ಲ. ಹಟಮಾರಿ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಅವಳ ಮೇಲೆ ಕನಿಕರ ಹುಟ್ಟಿ ಹೇಳಲು ಮನಸ್ಸು ಬಾರದೆ ಹೋದೀತು.

ಅಂಗಡಿ ಎಂದರೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿ. ಮೇಲಿನ ಹಲ್ಲಿನ ಡಾಕ್ಟರ ಬಳಿಗೆ ಹೋಗುವವರ ಕಾಲಿನ ಸದ್ದು ಇಡೀ ದಿನ ನೆತ್ತಿಯ ಮೇಲೆ. ಒಳಗೆ ಎರಡು ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ನಿಲುವುಗನ್ನಡಿ, ಮೂಲೆಯಲ್ಲಿ ಬಟ್ಟೆ ಬದಲಾಯಿಸಲು ಒಂದು ಪರದೆ, ಬಂದವರು ಕೂರಲು ಒಂದು ಸ್ಟೂಲು. ಹೊಸ ಬಟ್ಟೆ ಹೊಲಿಯುವುದನ್ನು ಅವಳು ಬಿಟ್ಟು ಎಷ್ಟೋ ಕಾಲವಾಗಿತ್ತು. ಸಿದ್ಧ ಉಡುಪಿನ ದೊಡ್ಡ ದೊಡ್ಡ ಮಳಿಗೆಗಳು ಎದ್ದು ನಿಂತ ಮೇಲೆ ಹೊಸದನ್ನು ಹೊಲಿಸುವವರಾದರೂ ಯಾರು? ಅವಳದೇನಿದ್ದರೂ ಆಲ್ಟರೇಷನ್ ಕೆಲಸ. ಉದ್ದವಿದ್ದದ್ದನ್ನು ಮಡಿಸುವುದು, ಬಿಗಿಯಾದದ್ದನ್ನು ಬಿಡಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಸಡಿಲವಾದದ್ದನ್ನು ಹಿಡಿಸುವುದು.

ಅದರಲ್ಲಿ ಅವಳ ಕೈ ಪಳಗಿದ್ದಕ್ಕೆ ಕಾರಣವಿತ್ತು. ಅಲ್ಲಿಂದ ಎರಡು ಬಸ್ ಸ್ಟಾಪಿನಾಚೆಯ ಆಸ್ಪತ್ರೆಯಲ್ಲಿ ತೂಕ ಇಳಿಸುವ ಆಪರೇಷನ್ ಮಾಡುತ್ತಿದ್ದರು. ಹೊಟ್ಟೆಯನ್ನು ಕತ್ತರಿಸಿ ಕಿರಿದು ಮಾಡಿ ಹೊಲಿಯುವ ಆಪರೇಷನ್. ಮೊದಲು ಬಂದವನು ಒಬ್ಬ ಬ್ಯಾಂಕಿನ ಕಾವಲುಗಾರ. ಜಾರುವ ಪ್ಯಾಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಒಳಗೆ ಕಾಲಿಟ್ಟ. "ಅಕ್ಕಾ, ಮಾನ ಕಾಪಾಡು" ಎಂದ. ಹಾಗೆ ಅರ್ಧಕ್ಕರ್ಧ ಇಳಿದ ಮೈಗೆ ಪಕ್ಕದ ಹೊಲಿಗೆಯನ್ನಷ್ಟೇ ಒಳಕ್ಕೆ ತೆಗೆದುಕೊಂಡರೆ ಆಗುವುದಿಲ್ಲ, ಜೇಬುಗಳು ಹಿಂದಕ್ಕೆ ಹೋಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸೊಂಟಪಟ್ಟಿ ಕಿತ್ತು, ಜಿಪ್ಪು ಬಿಚ್ಚಿ, ಇಡೀ ಬಟ್ಟೆಯನ್ನು ತುಂಡು ತುಂಡಾಗಿ ಹರಡಿಕೊಂಡು ಮತ್ತೆ ಕಟ್ಟಬೇಕು. ಟೇಪಕ್ಕ ಕಟ್ಟಿಕೊಟ್ಟಳು. ಕಾವಲುಗಾರ ಕನ್ನಡಿಯೆದುರು ಹಿಂದೆ ಮುಂದೆ ತಿರುಗಿ ನೋಡಿಕೊಂಡು ಅತ್ತೇಬಿಟ್ಟ. ಅಷ್ಟು ದೊಡ್ಡ ಮೀಸೆಯ ಗಂಡಸು ಅತ್ತದ್ದನ್ನು ಅವಳು ತಂಗಿಯ ಮುಂದೆ ಎಷ್ಟು ಸಲ ವರ್ಣಿಸಿದಳೋ. ಅವನಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಸುದ್ದಿ ಹಬ್ಬಿ, ಆಪರೇಷನ್ ಆದವರಿಗೆಲ್ಲ ಟೇಪಕ್ಕನ ಅಂಗಡಿಯೇ ಗತಿ ಎನ್ನುವಂತಾಯಿತು.

ಆಮೇಲೆ ಇನ್ನೊಂದು ಬಗೆಯವರು ಬರತೊಡಗಿದರು. ಆಪರೇಷನ್ ಆಗಬೇಕಾದವರು. ಕೈಯಲ್ಲಿ ನೆಪಕ್ಕೊಂದು ಬಟ್ಟೆ. ಬಿದ್ದ ಗುಂಡಿ ಹಾಕಿಸಿಕೊಳ್ಳುವ ನೆವದಲ್ಲಿ ಸ್ಟೂಲಿನ ಮೇಲೆ ಕೂತು, ಅತ್ತಿತ್ತ ನೋಡಿ, ದನಿ ತಗ್ಗಿಸಿ, "ನಿಮ್ಮ ಹತ್ರ ಬರ್ತಾರಲ್ಲ, ಅವರೆಲ್ಲ ಹೇಗಿದ್ದಾರೆ?" ಎನ್ನುವರು. ಏನೂ ತಿಳಿಯದವರು ಎಂದುಕೊಳ್ಳಬೇಡಿ. ಕೆಲವರು ವರ್ಷಗಟ್ಟಲೆ ಓದಿಕೊಂಡು ಬಂದಿರುತ್ತಿದ್ದರು. ಒಬ್ಬ ಶಾಲೆಯ ಮೇಡಂ ಮೂರು ಡಾಕ್ಟರುಗಳ ಜೀವ ತಿಂದು, ಕೊನೆಗೆ ಇಲ್ಲಿಗೆ ಬಂದಿದ್ದಳು. ಇನ್ನು ಕೆಲವರು ಏನೂ ವಿಚಾರಿಸಿರಲಿಲ್ಲ. ಪಕ್ಕದ ಮನೆಯವಳು ಇಳಿದದ್ದನ್ನು ಕಂಡದ್ದೇ ಸಾಕು, ನಾಳೆಯೇ ಮಲಗಲು ತಯಾರು. ಓದಿದವರಿಗೂ ಓದದವರಿಗೂ ಕೊನೆಯ ಮಾತು ಮಾತ್ರ ಟೇಪಕ್ಕನ ಬಾಯಿಂದಲೇ ಬರಬೇಕಿತ್ತು. ಫೋನಿನಲ್ಲಿ ಕಾಣುವವರು ದೂರದವರು, ಡಾಕ್ಟರು ಡಾಕ್ಟರೇ. ಇವಳಾದರೆ ಆ ಮೈಗಳನ್ನು ಕೈಯಾರೆ ಅಳೆದವಳು.

ಟೇಪಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಹೇಳುತ್ತಿದ್ದಳು: "ನೋಡಮ್ಮ, ಸುಳ್ಳು ಹೇಳೋಕೆ ನನಗೇನು ಬಂದಿದೆ? ಇಲ್ಲಿಗೆ ಬಂದೋರು ಒಬ್ಬರಿಗೂ ಏನೂ ಆಗಿಲ್ಲ. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ."

ಅದು ಸುಳ್ಳಲ್ಲ. ಅದೇ ದೊಡ್ಡ ದುಃಖ.

ಹಾಗೆ ಕೇಳಿಕೊಂಡು ಹೋದವರಲ್ಲಿ ಕೆಲವರು ಆಮೇಲೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಹಿಂಬೀದಿಯ ಹೂವಿನಂಗಡಿಯಾಕೆ ಹಾಗೇ ಮಾಡಿದ್ದಳು. "ಆಪರೇಷನ್ ಆದಮೇಲೆ ನನ್ನ ಬಟ್ಟೆ ಎಲ್ಲಾ ನಿಮಗೇ" ಎಂದು ಕೈಹಿಡಿದು ಹೇಳಿ ಹೋದವಳು ಪತ್ತೆಯಿಲ್ಲ. ಟೇಪಕ್ಕನಿಗೆ ಸಿಟ್ಟು ನೆತ್ತಿಗೇರಿತು. ರಸ್ತೆಯಾಚೆ ಇನ್ನೊಬ್ಬ ದರ್ಜಿಯಿದ್ದ. ಅವನು ತನ್ನ ಅಂಗಡಿಯ ಬೋರ್ಡನ್ನು ಇವಳ ಬಾಗಿಲು ಮರೆಯಾಗುವಂತೆ ನಿಲ್ಲಿಸಿದ್ದನೆಂದು ಜಗಳವಾಗಿ, ಇಬ್ಬರೂ ಮುಖ ನೋಡುವುದನ್ನೇ ಬಿಟ್ಟು ಯಾವ ಕಾಲವಾಗಿತ್ತೋ. "ಹೋಗಿರ್ತಾಳೆ ಆ ಎದುರಂಗಡಿಯವನ ಹತ್ರ. ಬುದ್ಧಿ ಹೇಳಿಸ್ಕೊಳ್ಳೋಕೆ ನಾನು, ಬಟ್ಟೆ ಕೊಡೋಕೆ ಅವನು! ಕೃತಘ್ನರು!" ಎಂದು ಅವಳು ಯಂತ್ರವನ್ನು ದಡದಡ ತುಳಿಯುವಳು. ಕಟ್ಟಿಗೆ ಡಿಪೋದ ಗುಮಾಸ್ತ, ನಗುಮುಖದ ನರ್ಸು, ಹೀಗೆ ತಿರುಗಿ ಬಾರದವರೆಲ್ಲರನ್ನೂ ಅವಳು ಎದುರಂಗಡಿಯವನ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಂಡಿದ್ದಳು. ದರ್ಜಿಗೆ ಗಿರಾಕಿ ಬರಲಿಲ್ಲವೆಂದರೆ ಬೇರೆ ದರ್ಜಿ ಸಿಕ್ಕಿದ ಎಂದೇ ಅರ್ಥ. ಬೇರೆ ಅರ್ಥ ಅವಳಿಗೆ ಹೊಳೆಯುವುದಾದರೂ ಹೇಗೆ?

ಇನ್ನು ತಂಗಿಯ ವಿಷಯ. ಅಕ್ಕನ ಬಾಯಲ್ಲಿ ಅವಳು ಪುಟ್ಟಿ. ಪುಟ್ಟಿ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಮಾಡುವ ಕೆಲಸದವಳು. ಗಾಜಿನ ಗೂಡಿನೊಳಗೆ ಕೂತು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಇಡೀ ಊರಿಗೆ ಹೇಳುವವಳು. ದನಿ ಕೇಳಿ ಮನಸೋತು ಗೂಡಿನೊಳಗೆ ಇಣುಕಿದವರು, ಅಲ್ಲಿ ಕುರ್ಚಿ ತುಂಬಿ ಹೊರಚೆಲ್ಲಿದ ಪುಟ್ಟಿಯನ್ನು ಕಂಡು ನಗು ತಡೆದುಕೊಂಡು ಹೋಗುತ್ತಿದ್ದರು. "ಪುಟ್ಟಿ ಅಂತೆ ಪುಟ್ಟಿ!" ಎಂದು ಬೀದಿಯವರೂ ಎತ್ತಿ ಆಡುತ್ತಿದ್ದರು. ಪುಟ್ಟಿ ಅವರಿಗಿಂತ ಮೊದಲೇ ತಾನೇ ನಕ್ಕುಬಿಡುತ್ತಿದ್ದಳು. ತಾಯಿ ತೀರಿಕೊಂಡಾಗ ಅವಳು ಇನ್ನೂ ತೊಡೆಯ ಮೇಲಿನ ಕೂಸು, ಅಕ್ಕನೇ ಸಾಕಿದಳು. ಅಕ್ಕನಿಗೆ ಗಂಡ ಬಂದು ಹೋದ, ಮಕ್ಕಳಾಗಲಿಲ್ಲ, ತಂಗಿ ಮದುವೆಯ ಮಾತೇ ಎತ್ತಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಇಬ್ಬರು. ಒಬ್ಬಳಿಗೆ ಇನ್ನೊಬ್ಬಳು ಬಿಟ್ಟರೆ ಜಗತ್ತಿನಲ್ಲಿ ಯಾರೂ ಇರಲಿಲ್ಲ.

ಪುಟ್ಟಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತು, ಮಂಡಿ ಕೈಕೊಟ್ಟಿತು. ನಿಲ್ದಾಣದ ಮೇಲುಸೇತುವೆ ಹತ್ತುವಾಗ ನಡುವೆ ನಿಂತು, ಫೋನು ನೋಡುವವಳಂತೆ ನಟಿಸಿ ಉಸಿರು ಹಿಡಿದುಕೊಳ್ಳುವಳು. ಆಪರೇಷನ್ ಮಾಡಿಸಿಕೊಂಡರೆ ಸಕ್ಕರೆಯೂ ಇಳಿದೀತು, ಕಾಲೂ ಉಳಿದೀತು ಎಂದು ಡಾಕ್ಟರು ಹೇಳಿದರು. ಅಲ್ಲಿಂದ ಶುರುವಾಯಿತು ಅವಳ ವಿಚಾರಣೆ.

ಅಬ್ಬಬ್ಬಾ, ಅದೇನು ವಿಚಾರಣೆ! ಒಂದು ಬಸ್ಸಿಗೂ ಇನ್ನೊಂದು ಬಸ್ಸಿಗೂ ನಡುವಿನ ಬಿಡುವಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ವೀಡಿಯೊ ನೋಡುವಳು. ಹೊಟ್ಟೆಯನ್ನು ಕೊಳವೆಯಂತೆ ಕತ್ತರಿಸುವುದು ಯಾವುದು, ಕರುಳನ್ನು ತಿರುಗಿಸಿ ಜೋಡಿಸುವುದು ಯಾವುದು, ಯಾವುದರಲ್ಲಿ ಕೂದಲು ಉದುರುತ್ತದೆ, ಯಾವ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು, ಎಲ್ಲ ಬಾಯಿಪಾಠ. ಆಪರೇಷನ್ ಆದವರು ಫೋನಿನಲ್ಲಿ ಕಟ್ಟಿಕೊಂಡ ಗುಂಪಿಗೆ ಸೇರಿದಳು. ಆಸ್ಪತ್ರೆಯ ಡಾಕ್ಟರ ಎದುರು ಕೂತು, ಇದುವರೆಗೆ ಎಷ್ಟು ಮಾಡಿದ್ದೀರಿ, ಕೆಟ್ಟದ್ದು ಎಷ್ಟು ಎಂದು ನೇರವಾಗಿ ಕೇಳಿದಳು. ಡಾಕ್ಟರು ಒಳ್ಳೆಯ ಮನುಷ್ಯ, ಏನನ್ನೂ ಮುಚ್ಚಿಡಲಿಲ್ಲ. ಅಪರೂಪಕ್ಕೆ ಒಬ್ಬರಿಗೆ ಒಳಗಿನ ಹೊಲಿಗೆ ಸೋರುತ್ತದೆ, ಆಗ ಜ್ವರ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಎಡಭುಜ ನೋಯಬಹುದು, ಅಂಥದ್ದು ಕಂಡರೆ ಗಳಿಗೆಯೂ ಕಾಯದೆ ಬಂದುಬಿಡಿ ಎಂದರು. ಪುಟ್ಟಿ ಅದನ್ನು ಮನೆಗೆ ಬಂದು ಅಕ್ಕನಿಗೆ ಪ್ರಕಟಣೆಯ ದನಿಯಲ್ಲಿ ಒಪ್ಪಿಸಿದಳು.

"ಇಷ್ಟು ಓದಿದ್ದೀಯಲ್ಲೇ, ಡಾಕ್ಟರಿಗೆ ರಜಾ ಬೇಕಿದ್ದರೆ ನೀನೇ ಹೋಗಿ ಕತ್ತರಿ ಹಿಡೀಬಹುದು!" ಎಂದು ಟೇಪಕ್ಕ ನಕ್ಕಳು.

ಪುಟ್ಟಿ ನಗಲಿಲ್ಲ. ಮರುದಿನ ಸಂಜೆ ಕೆಲಸ ಮುಗಿಸಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. "ಅಕ್ಕಾ, ಓದಿದಷ್ಟೂ ಧೈರ್ಯ ಬರುತ್ತೆ ಅಂದ್ಕೊಂಡಿದ್ದೆ. ಓದಿದಷ್ಟೂ ಭಯವೇ ಆಗ್ತಿದೆ ಕಣೇ. ಅಪರೂಪಕ್ಕೆ ಒಬ್ಬರಿಗೆ ಅಂತಾರಲ್ಲ, ಆ ಒಬ್ಬರು ಎಲ್ಲಿದ್ದಾರೆ? ಗುಂಪಲ್ಲಿ ಅವರು ಮಾತಾಡೋದೇ ಇಲ್ಲ. ಎಲ್ಲ ಬರೀ ಹಳೇ ಫೋಟೋ, ಹೊಸ ಫೋಟೋ. ಆ ಒಬ್ಬರು ಸಿಕ್ಕಿದ್ದರೆ ಕೇಳ್ತಿದ್ದೆ. ನೀನು ಕಂಡಿದ್ದೀಯಾ?"

"ಇದ್ದರೆ ತಾನೇ ಕಾಣೋಕೆ?" ಎಂದಳು ಟೇಪಕ್ಕ, ದಾರ ಕಚ್ಚಿ ತುಂಡರಿಸುತ್ತ. "ಇಷ್ಟು ಜನ ಬಂದು ಹೋದರು. ಒಬ್ಬರಿಗೂ ಏನೂ ಆಗಿಲ್ಲ. ಸುಮ್ನೆ ತಲೆ ಕೆಡಿಸ್ಕೋಬೇಡ."

"ಆಣೆಗೂ?"

"ನಿನ್ನಾಣೆಗೂ."

ಪುಟ್ಟಿಯ ಮುಖ ಅರಳಿತು. ಎಷ್ಟು ಓದಿದರೂ ಸಿಗದ ನೆಮ್ಮದಿ ಅಕ್ಕನ ಒಂದು ಮಾತಿನಲ್ಲಿ ಸಿಕ್ಕಿಬಿಟ್ಟಿತ್ತು. "ಹಾಗಾದರೆ ಮಾಡಿಸ್ಕೊಳ್ತೀನಿ. ಆಮೇಲೆ ನನ್ನ ಬಟ್ಟೆ ಎಲ್ಲಾ ಹಿಡಿಸಿಕೊಡೋಕೆ ನಿನಗೆ ಬಿಡುವೇ ಇರಲ್ಲ ನೋಡು" ಎಂದಳು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಟೇಪಕ್ಕ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ಅಳತೆ ತೆಗೆದುಕೊಂಡಳು. ಇಳಿದ ಮೇಲೆ ಎಷ್ಟು ಇಳಿದಳೆಂದು ಗೊತ್ತಾಗಬೇಡವೇ! ಅಕ್ಕ ತಂಗಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಏಕೆಂದರೆ ಟೇಪು ಸೊಂಟಕ್ಕೆ ಸಾಲದೆ ಇನ್ನೊಂದು ಟೇಪನ್ನು ಜೋಡಿಸಬೇಕಾಯಿತು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಪುಟ್ಟಿ ಮನೆಗೆ ಬಂದು ತೆಳ್ಳನೆ ಸೂಪನ್ನು ಚಮಚ ಚಮಚವಾಗಿ ಕುಡಿಯುತ್ತ, ಫೋನಿನ ಗುಂಪಿಗೆ ತಾನೂ ಒಂದು ಫೋಟೋ ಹಾಕಿದಳು. ಕೆಲವು ದಿನ ಎಲ್ಲವೂ ಚೆನ್ನಾಗಿತ್ತು. ಒಂದು ಬೆಳಿಗ್ಗೆ ಎದ್ದವಳು ಗೋಡೆಗೆ ಒರಗಿ ಕೂತುಬಿಟ್ಟಳು.

"ಅಕ್ಕಾ, ಮೈ ಬಿಸಿಯಾಗಿದೆ. ಎದೆ ಡವಡವ ಅಂತಿದೆ. ಈ ಎಡಭುಜ ಯಾಕೋ ಎಳೀತಿದೆ. ಆಸ್ಪತ್ರೆಗೆ ಫೋನ್ ಮಾಡೋಣ್ವಾ?"

ಟೇಪಕ್ಕ ಹಣೆ ಮುಟ್ಟಿ ನೋಡಿದಳು. ಅಂಥ ಬಿಸಿಯೇನಲ್ಲ. "ಮೊದಮೊದಲು ಎಲ್ಲರಿಗೂ ಹೀಗೇ ಕಣೇ. ಆ ಕಾವಲುಗಾರನೂ ಭುಜ ನೋಯ್ತಿತ್ತು ಅಂದಿದ್ದ. ಆಪರೇಷನ್ ಮಾಡುವಾಗ ಹೊಟ್ಟೆಗೆ ಗಾಳಿ ತುಂಬಿಸ್ತಾರಲ್ಲ, ಅದಕ್ಕೆ ಹಾಗೆ. ಶಾಲೆ ಮೇಡಮ್ಮಿಗೂ ಮೈ ಬಿಸಿಯಾಗಿತ್ತಂತೆ. ಮಲ್ಕೋ, ಸರಿಹೋಗುತ್ತೆ."

ಪುಟ್ಟಿ ಮಲಗಿದಳು. ಎಲ್ಲ ಓದಿದ್ದವಳು, ಡಾಕ್ಟರ ಎದುರು ಕೂತು ಪ್ರಶ್ನೆ ಹಾಕಿದ್ದವಳು, ಆ ಮೂರು ಲಕ್ಷಣಗಳನ್ನು ತಾನೇ ಬಾಯಿಪಾಠ ಒಪ್ಪಿಸಿದ್ದವಳು, ಅಕ್ಕ ಹೇಳಿದಳೆಂದು ಮಲಗಿದಳು. ಅಕ್ಕನ ಮಾತು ಮೀರಿ ಅಭ್ಯಾಸವಿರಲಿಲ್ಲ. ಟೇಪಕ್ಕ ಅಂಗಡಿಗೆ ಹೋಗಿ, ನಡುನಡುವೆ ಫೋನು ಮಾಡಿ ವಿಚಾರಿಸಿದಳು. "ಹಾಗೇ ಇದೆ" ಎಂದಳು ಪುಟ್ಟಿ. ಸಂಜೆಗೆ ಜ್ವರ ಏರಿತು. ಮರುದಿನ ಬೆಳಕು ಹರಿಯುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟಿ, ಮಾತು ತೊದಲುತ್ತಿತ್ತು.

ಆಸ್ಪತ್ರೆಯವರು ಹೊಟ್ಟೆಯನ್ನು ಮತ್ತೆ ತೆರೆದರು. ಸೋರಿದ್ದು ಒಳಗೆಲ್ಲ ಹರಡಿ ನಂಜೇರಿತ್ತು. ಡಾಕ್ಟರು ಹೊರಗೆ ಬಂದು ಟೋಪಿ ತೆಗೆದು, "ನಿನ್ನೆ ಬೆಳಿಗ್ಗೆಯೇ ಬಂದಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಗದರಲಿಲ್ಲ. ಗದರಿದ್ದರೆ ಎಷ್ಟೋ ವಾಸಿಯಿತ್ತು. ಪುಟ್ಟಿ ಇನ್ನು ಕೆಲವು ದಿನ ಯಂತ್ರಗಳ ನಡುವೆ ಕಣ್ಣು ಮುಚ್ಚಿ ಮಲಗಿದ್ದು, ಹಾಗೆಯೇ ಹೋಗಿಬಿಟ್ಟಳು.

ಬೀದಿಯವರು ಬಂದರು. "ಅಯ್ಯೋ, ದಪ್ಪಗಿದ್ದರೇನಾಗ್ತಿತ್ತು, ಜೀವವಾದರೂ ಇರ್ತಿತ್ತು" ಎಂದರು. ಹೌದು ಮಹಾನುಭಾವರೇ, ದಪ್ಪಗಿದ್ದಾಗ ನೀವು ಏನೇನು ಅಂದಿರಿ ಎನ್ನುವುದು ಈ ಬೀದಿಯ ಗೋಡೆಗಳಿಗೂ ಗೊತ್ತು. ಜಗಳಕ್ಕೆ ಸದಾ ತಯಾರಿದ್ದ ಟೇಪಕ್ಕ ಬಂದವರಿಗೆಲ್ಲ ಚಾಪೆ ಹಾಸಿ ಕೂರಿಸಿದಳು.

ಹೊಟ್ಟೆಪಾಡು ಕೇಳುವುದಿಲ್ಲವಲ್ಲ, ಮತ್ತೆ ಅಂಗಡಿ ತೆರೆದಳು. ಒಂದು ದಿನ ಒಬ್ಬ ಹೆಂಗಸು ಕುಣಿದಾಡುತ್ತ ಬಂದಳು. ಆಪರೇಷನ್ ಆಗಿ ಇಳಿದವಳು, ಹಳೆಯ ಕೋಟನ್ನು ಹಿಡಿಸಬೇಕಿತ್ತು. ಟೇಪಕ್ಕ ಅವಳ ಬೆನ್ನ ಹಿಂದೆ ನಿಂತು ಬಟ್ಟೆಯನ್ನು ಒಳಕ್ಕೆ ಮಡಿಸಿ ಗುಂಡುಸೂಜಿ ಚುಚ್ಚುತ್ತಿದ್ದಾಗ, ಮನೆಯ ಕಪಾಟಿನಲ್ಲಿದ್ದ ಪುಟ್ಟಿಯ ಬಟ್ಟೆಗಳು ಕಣ್ಣ ಮುಂದೆ ಬಂದವು. ಅವನ್ನು ಕಿರಿದು ಮಾಡಿಸಲು ಯಾವ ದರ್ಜಿಯ ಬಳಿಗೂ ಯಾರೂ ಒಯ್ಯುವುದಿಲ್ಲ. ಪುಟ್ಟಿಗೆ ಹೀಗಾಯಿತೆಂದು ಯಾವ ದರ್ಜಿಗೂ ತಿಳಿಯುವುದಿಲ್ಲ. ಎಲ್ಲಾದರೂ ಒಬ್ಬ ದರ್ಜಿ, ಇಷ್ಟು ಹೊತ್ತಿಗೆ, ಒಬ್ಬರಿಗೂ ಏನೂ ಆಗಿಲ್ಲ ಎಂದು ಯಾರಿಗೋ ಹೇಳುತ್ತಿರಬಹುದು. ಹಾಗಾದರೆ ತನ್ನ ಬಳಿಗೆ ತಿರುಗಿ ಬಾರದವರಿಗೆ ಏನಾಯಿತು? ಸೂಜಿ ಬೆರಳಿಗೆ ಚುಚ್ಚಿದ್ದೂ ಟೇಪಕ್ಕನಿಗೆ ತಿಳಿಯಲಿಲ್ಲ.

ಕೋಟನ್ನು ಅಲ್ಲೇ ಬಿಟ್ಟು, "ಒಂದು ನಿಮಿಷ ಇರಮ್ಮ" ಎಂದು ರಸ್ತೆ ದಾಟಿ ಎದುರಂಗಡಿಗೆ ನುಗ್ಗಿದಳು. ಆ ದರ್ಜಿ ಕನ್ನಡಕವನ್ನು ಹಣೆಗೇರಿಸಿ, ಹಳೆಯ ಜಗಳಕ್ಕೆ ಬಂದಳೇನೋ ಎಂದು ಎದ್ದು ನಿಂತ.

"ಆ ಹಿಂಬೀದಿ ಹೂವಿನಂಗಡಿಯವಳು ನಿಮ್ಮ ಹತ್ರ ಬಟ್ಟೆ ಹಿಡಿಸೋಕೆ ಬಂದಿದ್ದಳಾ?"

"ಇಲ್ಲವಲ್ಲ. ಯಾಕೆ?"

"ಆಪರೇಷನ್ ಆದೋರು ಬೇರೆ ಯಾರಾದರೂ? ಆ ಕಟ್ಟಿಗೆ ಡಿಪೋದ ಗುಮಾಸ್ತ? ಆ ನಗುಮುಖದ ನರ್ಸು?"

ದರ್ಜಿಯ ಮುಖ ಪೆಚ್ಚಾಯಿತು. "ಅಂಥೋರು ಯಾರೂ ನನ್ನ ಹತ್ರ ಬರಲ್ಲಮ್ಮ. ಎಲ್ಲಾ ನಿಮ್ಮ ಹತ್ರಾನೇ ಬರ್ತಾರೆ ಅಂತ ನಾನು ಹೊಟ್ಟೆ ಉರ್ಕೋತಿದ್ದೆ."

ಅವಳು ಅವನ ಕತ್ತರಿಸುವ ಮೇಜಿನ ಪಕ್ಕ ಕೂತುಬಿಟ್ಟಳು. ಅವನು ಗಾಬರಿಯಾಗಿ ನೀರು ತಂದುಕೊಟ್ಟ. ಇಷ್ಟು ವರ್ಷ ಅವನ ತಲೆಗೆ ಕಟ್ಟಿದ್ದ ಗಿರಾಕಿಗಳಲ್ಲಿ ಎಲ್ಲರಿಗೂ ಕೆಡುಕೇ ಆಗಿರಲಿಕ್ಕಿಲ್ಲ. ಕೆಲವರು ಊರು ಬಿಟ್ಟಿರಬಹುದು, ಕೆಲವರು ಹೊಸ ಬಟ್ಟೆಯನ್ನೇ ಕೊಂಡಿರಬಹುದು, ಕೆಲವರು ಹೆದರಿ ಆಪರೇಷನ್ನಿನ ಗೋಜಿಗೇ ಹೋಗದಿರಬಹುದು. ಆದರೆ ಅವಳು ಒಬ್ಬರನ್ನೂ ಹೋಗಿ ನೋಡಿರಲಿಲ್ಲ.

ಕೋಟಿನ ಹೆಂಗಸಿಗೆ ನಾಳೆ ಬಾ ಎಂದು ಹೇಳಿ ಅವಳು ಹಿಂಬೀದಿಗೆ ಹೋದಳು. ಹೂವಿನಂಗಡಿಯಲ್ಲಿ ಈಗ ಆಕೆಯ ಗಂಡ ಕೂತಿದ್ದ. ಟೇಪಕ್ಕ ಯಾರೆಂದು ತಿಳಿದ ಮೇಲೆ ಅವನು ಒಳಗಿನ ಕೋಣೆಗೆ ಕರೆದುಕೊಂಡು ಹೋದ. ಆಕೆ ಬದುಕಿದ್ದಳು. ಇಳಿದದ್ದಲ್ಲ, ಬತ್ತಿಹೋಗಿದ್ದಳು. ಹಳೆಯ ಉಡುಪನ್ನೇ ಸುತ್ತಿಕೊಂಡು ಕಿಟಕಿಯ ಬಳಿ ಕೂತಿದ್ದಳು.

"ನನಗೆ ಹೊಲಿಗೆ ಸೋರ್ತು" ಎಂದಳು ಆಕೆ ಮೆಲ್ಲಗೆ. "ಜ್ವರ, ಎದೆಬಡಿತ, ಈ ಎಡಭುಜ ಎಳೆಯೋದು. ಎಲ್ಲರಿಗೂ ಹೀಗೇ ಆಗುತ್ತೆ ಅಂತ ನಮ್ಮತ್ತೆ ಅಂದರು. ಇವರು ಕೇಳಲಿಲ್ಲ, ಆ ಕ್ಷಣವೇ ಎತ್ಕೊಂಡು ಓಡಿದರು. ಅದಕ್ಕೇ ಉಳ್ಕೊಂಡೆ. ಸರಿಹೋಗೋಕೆ ಇನ್ನೂ ಕಾಲ ಹಿಡಿಯುತ್ತಂತೆ."

"ನನಗೆ ಬಂದು ಒಂದು ಮಾತು ಹೇಳಬಾರದಿತ್ತಾ ತಾಯಿ?" ಎಂದಳು ಟೇಪಕ್ಕ.

"ಬಂದಿದ್ದೆ. ಇವರ ತೋಳು ಹಿಡ್ಕೊಂಡು ನಿಮ್ಮ ಬಾಗಿಲವರೆಗೂ ಬಂದಿದ್ದೆ. ಒಳಗೆ ಯಾರಿಗೋ, ಒಬ್ಬರಿಗೂ ಏನೂ ಆಗಿಲ್ಲ ಅಂತ ಹೇಳ್ತಿದ್ರಿ. ಅವರು ಅಷ್ಟು ಖುಷಿಯಾಗಿ ನಗ್ತಿದ್ದರು. ಈ ಮುಖ ಹೊತ್ಕೊಂಡು ಒಳಗೆ ಹೇಗೆ ಬರಲಿ ಅಂತ ವಾಪಸ್ ಹೋದೆ."

ಆ ನಗುತ್ತಿದ್ದವರು ಹೇಗಿದ್ದರು ಎಂದು ಕೇಳಲು ಟೇಪಕ್ಕನಿಗೆ ಬಾಯಿ ಬರಲಿಲ್ಲ. ಆ ಮಾತನ್ನು ಅವಳು ಎಷ್ಟೋ ಜನರಿಗೆ ಹೇಳಿದ್ದಳು. ಯಾರಾದರೂ ಆಗಿರಬಹುದಿತ್ತು. ಪುಟ್ಟಿಯೊಬ್ಬಳನ್ನು ಬಿಟ್ಟು ಯಾರಾದರೂ ಆಗಿರಲಿ ದೇವರೇ ಎಂದುಕೊಂಡಳು. ಪುಟ್ಟಿ ಹುಡುಕಿ ಹುಡುಕಿ ಸೋತ ಆ ಒಬ್ಬರು ಹಿಂಬೀದಿಯಲ್ಲೇ ಇದ್ದರು. ಒಂದೇ ಒಂದು ಸಲ ಮಾತಾಡಿಸಿದ್ದರೆ ಸಾಕಿತ್ತು. ಹೂವಿನಂಗಡಿಯಾಕೆ ಕೈ ಚಾಚಿದಳು, ಟೇಪಕ್ಕ ಅದನ್ನು ಹಿಡಿದುಕೊಂಡು ಮಗುವಿನ ಹಾಗೆ ಅತ್ತಳು. ಪುಟ್ಟಿ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಆಮೇಲೂ ಜನ ಬರುವುದು ನಿಲ್ಲಲಿಲ್ಲ. ಆಪರೇಷನ್ನಿನಿಂದ ಬಾಳು ಹಸನಾದವರು ಈಗಲೂ ಬರುತ್ತಾರೆ, ಕನ್ನಡಿಯ ಮುಂದೆ ನಿಂತು ನಗುತ್ತಾರೆ, ಅವರ ಬಟ್ಟೆಗಳನ್ನು ಅವಳು ಮೊದಲಿನಷ್ಟೇ ನಾಜೂಕಾಗಿ ಹಿಡಿಸಿಕೊಡುತ್ತಾಳೆ. ಮೊನ್ನೆ ಇಬ್ಬರು ಹುಡುಗಿಯರು ಬಂದರು. ಒಬ್ಬಳು ದಪ್ಪನೆಯವಳು, ಕೈಯಲ್ಲಿ ಗುಂಡಿ ಕಿತ್ತ ಶರ್ಟು, ಕಣ್ಣಲ್ಲಿ ಹೆದರಿಕೆ. ಎಲ್ಲ ಓದಿಕೊಂಡಿದ್ದೇನೆ, ಆಪರೇಷನ್ನಿನ ದಿನಾಂಕವೂ ನಿಗದಿಯಾಗಿದೆ ಎಂದಳು. ಅವಳ ಹಿಂದೆ ನಿಂತಿದ್ದವಳು ತಂಗಿಯ ಬೆನ್ನು ಸವರುತ್ತ, "ಏನೂ ಆಗಲ್ಲ ಅಂತ ಹೇಳಿ ಇವಳಿಗೆ, ನೀವು ಹೇಳಿದರೆ ನಂಬ್ತಾಳೆ" ಎಂದಳು.

ಟೇಪಕ್ಕ ಯಂತ್ರ ನಿಲ್ಲಿಸಿದಳು. "ನನ್ನ ಹತ್ರ ಬರೋರು ಚೆನ್ನಾಗಿರೋರು ಮಾತ್ರ ಕಣಮ್ಮ. ನನ್ನನ್ನ ಕೇಳಿ ಪ್ರಯೋಜನವಿಲ್ಲ. ಮೊದಲು ಹಿಂಬೀದಿ ಹೂವಿನಂಗಡಿಗೆ ಹೋಗಿ ಒಳಗಿರೋ ಆಕೆಯನ್ನ ಮಾತಾಡಿಸು, ಆಮೇಲೆ ತೀರ್ಮಾನ ಮಾಡು. ಮಾಡಿಸ್ಕೊಂಡರೆ, ಆಮೇಲೆ ಮೈ ಬಿಸಿಯಾದರೆ, ಎದೆ ಹೊಡ್ಕೊಂಡರೆ, ಎದ್ದು ಓಡಿಬಿಡು. ಮಲಗಬೇಡ, ಯಾರನ್ನೂ ಕೇಳಬೇಡ." ಅವಳು ಹಿಂದೆ ನಿಂತಿದ್ದವಳ ಕಡೆ ಒಮ್ಮೆ ನೋಡಿ, ಮತ್ತೆ ತಂಗಿಯ ಕಡೆ ತಿರುಗಿದಳು. "ನಿನ್ನ ಅಕ್ಕ ಏನೂ ಆಗಲ್ಲ ಅಂದರೂ ಕೇಳಬೇಡ."